ಮಳೆಗಾಲದಲ್ಲಿ ಊರಲ್ಲೇ ಕೂತು ಕೆಲಸ ಮಾಡ್ತಾ ಮನಸ್ಸು ಕುಗ್ಗಿದ್ರೆ ದಿನಾ ಏನ್ ಮಾಡ್ಬೇಕು?

ಸಕಲೇಶಪುರದ ಹತ್ರ ಅಪ್ಪ ಅಮ್ಮನ ಮನೇಲಿದ್ದು ಬೆಂಗಳೂರು ಕಂಪನಿ ಕೆಲಸ ಮಾಡ್ತಿದೀನಿ, ಜೂನಿಂದ ಮಳೆ ಹಿಡಿದು ಬಿಟ್ಟಿಲ್ಲ, ಯಾರ ಜೊತೆನೂ ಮಾತು ಬೇಡ ಅನ್ಸುತ್ತೆ, ಧ್ಯಾನದ ಆ್ಯಪ್ ಹಾಕ್ಕೊಂಡೆ ಅದೂ ನಿಂತೋಯ್ತು ಅಂತ ಬರ್ದಿದೀರ. ಓದಿ ಸುಮ್ನೆ ಮುಂದೆ ಹೋಗಕ್ಕಾಗ್ಲಿಲ್ಲ. ನಾನಿರೋದು ಬೇಲೂರು ಕಡೆ ಹಳ್ಳಿ, ಅಪ್ಪ ತೀರ್ಕೊಂಡ ವರ್ಷ ನಾನೂ ಹಿಂಗೇ ಇದ್ದೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದ್ಲು ಆ್ಯಪ್ ಬಿಡಿ. ದಿನಕ್ಕೊಂದ್ಸಲ ನೀವು ಹೋಗ್ಲೇಬೇಕಾದ ಜಾಗ ಒಂದನ್ನ ಹಿಡ್ಕೊಳ್ಳಿ, ಹೋಗ್ಲಿಲ್ಲ ಅಂದ್ರೆ "ಯಾಕೆ ಬರ್ಲಿಲ್ಲ" ಅಂತ ಯಾರಾದ್ರೂ ಕೇಳೋ ಅಂಥ ಜಾಗ. ನಿಮ್ಮನೇಲಿ ಹಸು ಇದೆ, ಅಮ್ಮನೇ ಡೈರಿಗೆ ಹೋಗ್ತಾರೆ ಅಂತ ನೀವೇ ಬರ್ದಿದೀರಲ್ಲ, ನಾಳೆಯಿಂದ ಬೆಳಿಗ್ಗೆ ಹಾಲು ಹಾಕೋ ಕೆಲಸ ನಂದು ಅಂತ ಇಸ್ಕೊಳ್ಳಿ.

ನಮ್ಮೂರ ಡೈರಿ ಒಂದು ಸಣ್ಣ ರೂಮು. ಬೆಳಿಗ್ಗೆ ಆರೂವರೆಗೆ ಗೊಪ್ಪೆ, ಕೊಡೆ, ರೈನ್‌ಕೋಟು ಎಲ್ಲ ನೀರು ಸುರಿಸ್ಕೊಂಡು ಸಾಲು ನಿಂತಿರುತ್ತೆ, ಸೆಕ್ರೆಟರಿ ಒಬ್ಬೊಬ್ಬರ ಹಾಲಲ್ಲೂ ಸ್ವಲ್ಪ ಸ್ಯಾಂಪಲ್ ತೆಗೆದು ಮಿಷಿನ್‌ಗೆ ಇಡ್ತಾರೆ, ಫ್ಯಾಟ್ ಎಷ್ಟು ಬಂತು ಅಂತ ಹಿಂದೆ ನಿಂತೋರೂ ಇಣುಕಿ ನೋಡ್ತಾರೆ, ಅಷ್ಟರಲ್ಲಿ ಯಾರ ಮನೆ ಹಸು ಕರು ಹಾಕ್ತು, ರಾತ್ರಿ ಯಾರ ಗದ್ದೆಗೆ ಆನೆ ನುಗ್ತು, ಕರೆಂಟ್ ಯಾವಾಗ ಬರುತ್ತೆ, ಎಲ್ಲ ಆಗೋಗುತ್ತೆ. ಅಲ್ಲಿ ಯಾರೂ ನಿಮ್ಮ ಮನಸ್ಸಿನ ವಿಷಯ ಕೇಳಲ್ಲ, ಕೇಳದೇ ಇರೋದೇ ಆ ಹೊತ್ತಿಗೆ ಎಷ್ಟೋ ಹಗುರ. ಆ ದಿನಗಳಲ್ಲಿ ಒಂದಿನ ನಾನು ಮಲ್ಗೇ ಇದ್ದೆ, ಹಾಲು ತಮ್ಮ ತಗೊಂಡೋಗಿದ್ದ. ದಿನಾ ಸಾಲಲ್ಲಿ ನನ್ನ ಹಿಂದೆ ನಿಲ್ತಿದ್ದ ಅಜ್ಜಿ ಅವತ್ತು ಸಂಜೆ ಮಳೇಲೇ ಮನೆ ಬಾಗ್ಲಿಗೆ ಬಂದು "ಯಾಕವ್ವಾ, ಹುಷಾರಿಲ್ವಾ?" ಅಂದ್ರು. ನಮ್ಮನೆಯೋರು ಕೇಳಿದಾಗ ಬರದೇ ಇದ್ದ ಅಳು ಅವರ ಮುಂದೆ ಬಂತು.

ಮನಸ್ಸು ಸರಿಯಾದ್ಮೇಲೆ ಹೊರಗೆ ಹೋಗ್ತೀನಿ ಅಂತ ಕಾಯ್ಬೇಡಿ ಕಣ್ರೀ. ಖಿನ್ನತೆಗೆ ಬಿಹೇವಿಯರಲ್ ಆಕ್ಟಿವೇಶನ್ ಅಂತ ಒಂದು ಚಿಕಿತ್ಸೆನೇ ಇದೆ, ಅದರಲ್ಲೂ ಮಾಡ್ಸೋದು ಇದನ್ನೇ, ಮೊದ್ಲು ಸಣ್ಣ ಕೆಲಸ ಗೊತ್ತಾದ ಹೊತ್ತಿಗೆ ಮಾಡೋದು, ಉತ್ಸಾಹ ಆಮೇಲೆ ಬರುತ್ತೆ. ಇನ್ನೊಂದು ಲಾಭ ಬೆಳಕು. ಮೋಡ ಕವಿದಿದ್ರೂ ಹೊರಗಿನ ಬೆಳಕು ರೂಮಿನ ಟ್ಯೂಬ್‌ಲೈಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ, ಬೆಳಿಗ್ಗೆ ಅದು ಕಣ್ಣಿಗೆ ಬಿದ್ರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತೆ.

ನಿದ್ದೆ ಅಂದ್ಮೇಲೆ ಕಾಫಿ ಮಾತು ಬಂದೇ ಬರುತ್ತೆ. ನಮ್ ಕಡೆ ಯಾರ ಮನೆಗೆ ಹೋದ್ರೂ ಲೋಟ ಕೈಗೆ ಬರುತ್ತೆ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ. ಆದ್ರೆ ಕುಡಿದ ಕೆಫೀನಲ್ಲಿ ಅರ್ಧ ಸುಮಾರು 5 ಗಂಟೆ ಆದ್ರೂ ಮೈಯಲ್ಲೇ ಇರುತ್ತೆ, ಸಂಜೆ ಆರಕ್ಕೆ ಕುಡಿದಿದ್ದು ರಾತ್ರಿ ಹನ್ನೊಂದಕ್ಕೂ ಕೆಲಸ ಮಾಡ್ತಿರುತ್ತೆ. ಮಧ್ಯಾಹ್ನದ ಮೇಲೆ ಜೀರಿಗೆ ಕೊತ್ತಂಬರಿ ಕಷಾಯ ಕೊಡಿ ಅನ್ನಿ, ಯಾರೂ ತಪ್ಪು ತಿಳ್ಕೊಳಲ್ಲ. ಮಳೆ ಚಳಿಗೆ ಒಂದು ಪೆಗ್ ಅನ್ನೋ ಅಭ್ಯಾಸ ಇದ್ರೆ ಅದನ್ನೂ ನಿಲ್ಸಿ, ನಿದ್ದೆ ಬಂದಂಗೆ ಆಗಿ ಮಧ್ಯರಾತ್ರಿ ಎಚ್ಚರ ಆಗುತ್ತೆ, ಮಾರನೇ ದಿನ ಮನಸ್ಸು ಇನ್ನೂ ಕೆಳಗೆ.

ಊರಿನ ಜನ ಅಂದ್ರೆ ಬರೀ ಆಸರೆ ಅಂತ ನಾನು ಹೇಳಲ್ಲ. ಮದುವೆ ಯಾವಾಗ, ಸಂಬಳ ಎಷ್ಟು, ಕೆಲಸ ಹೋಯ್ತಾ ಮನೇಲೇ ಇದೀಯ ಅಂತ ಕೇಳಿ ಸುಸ್ತು ಮಾಡೋರೂ ಅವ್ರೇ. ಅದಕ್ಕೆ ಜಗಲಿ ಹರಟೆಗಿಂತ ಕೈಗೆ ಕೆಲಸ ಇರೋ ಜಾಗ ಮೇಲು. ಡೈರಿ ಆಗ್ಲಿ, ಸಂಜೆ ಶಟಲ್ ಆಡೋ ಹುಡುಗರ ಗುಂಪಾಗ್ಲಿ, ಶನಿವಾರದ ಭಜನೆ ಆಗ್ಲಿ, ಗ್ರಾಮ ಪಂಚಾಯ್ತಿ ಲೈಬ್ರರಿಲಿ ಮಕ್ಕಳಿಗೆ ಕಂಪ್ಯೂಟರ್ ಹೇಳ್ಕೊಡೋದಾಗ್ಲಿ. ನಿಮಗೆ ಬರೋ ವಿದ್ಯೆಗೆ ಕೊನೇದು ಚೆನ್ನಾಗಿ ಹೊಂದುತ್ತೆ ಅನ್ಸುತ್ತೆ.

ಇಷ್ಟೆಲ್ಲ ಹೇಳಿದ್ರೂ ಅಭ್ಯಾಸದಿಂದಲೇ ಎಲ್ಲ ಸರಿಹೋಗುತ್ತೆ ಅಂದ್ಕೋಬೇಡಿ. ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದೇ ಇರೋದು ಎರಡು ವಾರ ಮೀರಿ ದಿನದ ಬಹುಪಾಲು ಇದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು. ನೀವು ಬರ್ದಿರೋದು ನೋಡಿದ್ರೆ ಎರಡು ವಾರ ಯಾವಾಗ್ಲೋ ದಾಟಿದೆ. ಥೈರಾಯ್ಡ್, ಬಿ12 ಕಮ್ಮಿಯಾದ್ರೂ ಹಿಂಗೇ ಆಗ್ಬಹುದು, ರಕ್ತ ಪರೀಕ್ಷೆಲಿ ಗೊತ್ತಾಗುತ್ತೆ. ಮಾತ್ರೆ ಕೊಟ್ರೆ ಗುಣ ಕಾಣಕ್ಕೆ ಕೆಲವು ವಾರ ಹಿಡಿಯುತ್ತೆ, ನಾಲ್ಕು ದಿನ ನುಂಗಿ ಬಿಡ್ಬೇಡಿ, ಹುಷಾರಾಯ್ತು ಅಂತ ನಿಮ್ಮಷ್ಟಕ್ಕೆ ನಿಲ್ಸಲೂಬೇಡಿ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಸೋಕೆ ಅಂತ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯದ ಕಾರ್ಯಕ್ರಮನೂ ಸರ್ಕಾರ ಮಾಡಿದೆ, ನಿಮ್ಮಲ್ಲಿ ಡಾಕ್ಟರ್ ಯಾವತ್ತು ಸಿಗ್ತಾರೆ ಅಂತ ಆಶಾ ಕಾರ್ಯಕರ್ತೆನ ಕೇಳಿ. ಮಳೇಲಿ ಘಾಟಿ ರಸ್ತೆ ಕೆಟ್ಟು ಹೊರಡಕ್ಕಾಗ್ಲಿಲ್ಲ ಅಂದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 2022ರಿಂದ ಇರೋ ಸರ್ಕಾರಿ ಸಹಾಯವಾಣಿ, 24 ಗಂಟೆನೂ ಉಚಿತ, ಕನ್ನಡದಲ್ಲೇ ಮಾತಾಡ್ಬಹುದು. ಸಾಯೋ ಯೋಚನೆ ಏನಾದ್ರೂ ಸುಳಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಫೋನ್ ಮಾಡಿ, ಮನೇಲಿ ಒಬ್ರನ್ನ ಎಬ್ಬಿಸಿ ಹೇಳಿ, ಅವತ್ತು ಒಬ್ರೇ ಇರ್ಬೇಡಿ.

ಅಮ್ಮಂಗೆ ಖಿನ್ನತೆ, ಡಿಪ್ರೆಶನ್ ಅಂತ ಹೇಳಿದ್ರೆ ಗಾಬರಿ ಬೀಳ್ತಾರೆ ಅನ್ಸಿದ್ರೆ "ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಆಸ್ಪತ್ರೆಗೆ ಜೊತೇಲಿ ಬಾಮ್ಮ" ಅನ್ನಿ, ಸುಳ್ಳೇನಲ್ವಲ್ಲ. ಉಳಿದಿದ್ದು ಡಾಕ್ಟರೇ ಅವರಿಗೆ ತಿಳಿಸಿ ಹೇಳ್ತಾರೆ.