ಆಫ್ರಿಕಾದ ವ್ಯಾಪಾರಿಗೆ ಸಾಲ ಕೊಡುವವರು ಯಾರು?

ಪ್ರಶ್ನೆ: ನಮ್ಮ ದಾಲ್ ಮಿಲ್‌ಗೆ ಊರಿನ ತೊಗರಿಯ ಜೊತೆಗೆ ಮೊಜಾಂಬಿಕ್, ತಾಂಜಾನಿಯಾಗಳ ತೊಗರಿಯೂ ಬರುತ್ತದೆ. ಅಲ್ಲಿನ ವ್ಯಾಪಾರಿಗಳಿಗೆ ಅಭಿವೃದ್ಧಿ ಬ್ಯಾಂಕುಗಳು ಬಂಡವಾಳ ಒದಗಿಸುತ್ತವೆ ಎಂದು ಓದಿದೆ. ಸಣ್ಣ ವ್ಯಾಪಾರಿಯೂ ಆ ಬ್ಯಾಂಕಿಗೆ ಹೋಗಿ ಸಾಲ ಕೇಳಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನೇರವಾಗಿ ಕೇಳಲಾಗದು. 1964ರಲ್ಲಿ ಅಸ್ತಿತ್ವಕ್ಕೆ ಬಂದು, ಇಂದು ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಆಫ್ರಿಕನ್ ಅಭಿವೃದ್ಧಿ ಬ್ಯಾಂಕು ಜನರಿಂದ ಠೇವಣಿ ಪಡೆಯುವುದಿಲ್ಲ, ಅಂಗಡಿಕಾರನಿಗೆ ಸಾಲದ ಅರ್ಜಿಯನ್ನೂ ಕೊಡುವುದಿಲ್ಲ. ಆಫ್ರಿಕಾದ 54 ದೇಶಗಳು ಮತ್ತು ಹೊರಗಿನ 27 ದೇಶಗಳು ಅದರ ಸದಸ್ಯರು; ಭಾರತವೂ 1983ರಿಂದ ಅವರಲ್ಲೊಂದು. ಈ ಸದಸ್ಯರ ಬಂಡವಾಳದ ಬೆಂಬಲದಿಂದ ಅದಕ್ಕೆ ಅತ್ಯುನ್ನತ ಸಾಲಾರ್ಹತೆ ದೊರೆತಿರುವುದರಿಂದ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್ (ಸಾಲಪತ್ರ) ಮಾರಿ ಕಡಿಮೆ ಬಡ್ಡಿಗೆ ಹಣ ತರುವುದು ಅದಕ್ಕೆ ಸಾಧ್ಯವಾಗುತ್ತದೆ.

ಆ ಹಣದ ಒಂದು ಭಾಗ ದೊಡ್ಡ ಯೋಜನೆಗಳಿಗೆ ನೇರವಾಗಿ ಹೋಗುತ್ತದೆ. ಕೀನ್ಯಾದ ತುರ್ಕಾನಾ ಸರೋವರದ ಬಳಿಯ 310 ಮೆಗಾವ್ಯಾಟ್ ಪವನ ವಿದ್ಯುತ್ ಘಟಕ ಇದಕ್ಕೆ ಉದಾಹರಣೆ. ಅಲ್ಪಾವಧಿಯ ಠೇವಣಿಯನ್ನೇ ನಂಬಿದ ಸ್ಥಳೀಯ ಬ್ಯಾಂಕು ಹತ್ತು ಹದಿನೈದು ವರ್ಷಗಳ ಸಾಲ ಕೊಡಲು ಹಿಂಜರಿಯುವಲ್ಲಿ ಅಭಿವೃದ್ಧಿ ಬ್ಯಾಂಕು ಮುಂದೆ ನಿಲ್ಲುತ್ತದೆ. ಸಣ್ಣ ಉದ್ದಿಮೆಗಳಿಗೆ ಮಾತ್ರ ಅದು ಸ್ಥಳೀಯ ಬ್ಯಾಂಕಿನ ಮೂಲಕವೇ ಸಾಲ ತಲುಪಿಸುತ್ತದೆ. ನಮ್ಮಲ್ಲಿ ನಬಾರ್ಡ್ ಗ್ರಾಮೀಣ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಮರುಹಣಕಾಸು (ಅವು ಕೊಡುವ ಸಾಲಕ್ಕೆ ಬೇಕಾದ ಹಣ) ನೀಡುವ ಕ್ರಮವನ್ನು ನೀವು ಬಲ್ಲಿರಿ. ಇದೂ ಹೆಚ್ಚುಕಡಿಮೆ ಅದೇ ದಾರಿ. ಸಾಲ ಮುಳುಗಿದರೆ ನಷ್ಟದ ಒಂದು ಪಾಲನ್ನು ತಾನು ಹೊರುವುದಾಗಿ ಖಾತರಿ ನೀಡುವ ಆಫ್ರಿಕನ್ ಗ್ಯಾರಂಟಿ ಫಂಡ್‌ನಂತಹ ಸಂಸ್ಥೆಗಳೂ ಇವೆ. ಅಡವಿಡಲು ಜಮೀನಿನ ಪತ್ರವಿಲ್ಲದ ವ್ಯಾಪಾರಿಗೆ, ನನ್ನ ದೃಷ್ಟಿಯಲ್ಲಿ, ಕಡಿಮೆ ಬಡ್ಡಿಗಿಂತ ಈ ಖಾತರಿಯೇ ಹೆಚ್ಚು ಉಪಕಾರಿ.

ಆದರೆ ಈ ವ್ಯವಸ್ಥೆಯಲ್ಲಿ ಸುಲಭವಾಗಿ ಬಗೆಹರಿಯದ ತೊಡಕೊಂದಿದೆ. ಅಭಿವೃದ್ಧಿ ಬ್ಯಾಂಕುಗಳ ಸಾಲ ಬಹುಮಟ್ಟಿಗೆ ಡಾಲರ್ ಅಥವಾ ಯೂರೋದಲ್ಲಿರುತ್ತದೆ. ಊರಿನಲ್ಲೇ ಸರಕು ಮಾರುವವನ ಗಳಿಕೆ ಮಾತ್ರ ಸ್ಥಳೀಯ ನಾಣ್ಯದಲ್ಲಿ. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ನೈರಾದ ವಿನಿಮಯ ದರದ ಮೇಲಿನ ಬಿಗಿಹಿಡಿತವನ್ನು ಸಡಿಲಿಸಿದಾಗ, ಆ ವರ್ಷದ ಕೊನೆಗೆ ಡಾಲರಿನ ಅಧಿಕೃತ ಬೆಲೆ ಸುಮಾರು ಇಮ್ಮಡಿಯಾಯಿತು. ಡಾಲರ್ ಸಾಲ ಮಾಡಿ ನೈರಾದಲ್ಲಿ ಗಳಿಸುತ್ತಿದ್ದವರ ಅಸಲೂ ನೈರಾದ ಲೆಕ್ಕದಲ್ಲಿ ಹಾಗೆಯೇ ಬೆಳೆಯಿತು. ಈ ಅಪಾಯವನ್ನು ಸ್ಥಳೀಯ ಬ್ಯಾಂಕು ತಾನು ಹೊತ್ತರೆ, ಅದರ ಬೆಲೆಯನ್ನು ಬಡ್ಡಿಗೆ ಸೇರಿಸುತ್ತದೆ. ಹೀಗಾಗಿ ಅಬಿಜಾನ್‌ನಿಂದ ಅಗ್ಗವಾಗಿ ಹೊರಟ ಹಣ ಸಣ್ಣ ವ್ಯಾಪಾರಿಯ ಕೈ ಸೇರುವಾಗ ಅಗ್ಗವಾಗಿ ಉಳಿದಿರುವುದಿಲ್ಲ.

ತೊಗರಿ ರಫ್ತುದಾರನ ಸ್ಥಿತಿ ಇದಕ್ಕಿಂತ ಮೇಲು, ಏಕೆಂದರೆ ಅವನಿಗೆ ಡಾಲರಿನಲ್ಲೇ ಹಣ ಬರುತ್ತದೆ. ಇಂತಹ ವ್ಯಾಪಾರಕ್ಕೆಂದೇ 1993ರಲ್ಲಿ ಸ್ಥಾಪನೆಯಾದ, ಕೈರೋದಲ್ಲಿ ಕೇಂದ್ರ ಕಚೇರಿಯಿರುವ ಅಫ್ರೆಕ್ಸಿಮ್ ಬ್ಯಾಂಕು ಇದೆ. ಅದೂ ಸಣ್ಣವರನ್ನು ಹೆಚ್ಚಾಗಿ ಇತರ ಬ್ಯಾಂಕುಗಳ ಮೂಲಕವೇ ತಲುಪುತ್ತದೆ. ನೀವು ನೇರವಾಗಿ ಆಮದು ಮಾಡಿಕೊಳ್ಳುವವರಾದರೆ, ನಿಮ್ಮ ಬ್ಯಾಂಕು ತೆರೆಯುವ ಎಲ್‌ಸಿಯ (ಸರಕು ಕಳಿಸಿದ ದಾಖಲೆ ಒಪ್ಪಿಸಿದರೆ ಮಾರಾಟಗಾರನಿಗೆ ಹಣ ಕೊಡುವುದಾಗಿ ಬ್ಯಾಂಕು ಬರೆದುಕೊಡುವ ಭರವಸೆ ಪತ್ರ) ಆಧಾರದ ಮೇಲೆ ಅಲ್ಲಿನ ಮಾರಾಟಗಾರ ತನ್ನ ಬ್ಯಾಂಕಿನಿಂದ ಸುಗ್ಗಿಯ ಖರೀದಿಗೆ ಮುಂಗಡ ಪಡೆಯಲು ಯತ್ನಿಸಬಹುದು.