ಪತ್ತನಾಜೆಗೆ ಮೊದಲು ಬನ್ನಿ

ಬೇಸಿಗೆ ರಜೆಯಲ್ಲಿ ಕಾಸರಗೋಡಿನ ಕುಂಬಳೆ ಕಡೆಗೆ ಬಂದರೆ ನೋಡಲಿಕ್ಕೆ ಏನೇನಿದೆ ಎಂದು ಕೇಳಿದ್ದೀರಿ. ಕೇರಳದಲ್ಲಿದ್ದೂ ನಿಮಗೆಲ್ಲ ಇಷ್ಟು ಚೆನ್ನಾಗಿ ಕನ್ನಡ ಹೇಗೆ ಬರುತ್ತದೆ ಎಂದೂ ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ, ಅದು ಬೇಗ ಮುಗಿಯುತ್ತದೆ.

ನಾವು ಎಲ್ಲಿಂದಲೋ ಬಂದು ಕನ್ನಡ ಕಲಿತವರಲ್ಲ ಮಾರಾಯ್ರೆ. ಇದ್ದಲ್ಲೇ ಇದ್ದೇವೆ. ಕಾಸರಗೋಡು ಹಿಂದೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ನೀವು ರಾಜ್ಯೋತ್ಸವ ಮಾಡುವ ದಿನವೇ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಗಡಿ ವಿವಾದಕ್ಕೆಂದು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದನ್ನೇ ಕೇಳುತ್ತಾ ಕೇಳುತ್ತಾ, ನೂರು ತುಂಬಿದ ವರ್ಷ, 2015ರಲ್ಲಿ ತೀರಿಕೊಂಡರು. ನಮ್ಮ ಊರು ಚಂದ್ರಗಿರಿಯ ಉತ್ತರದಲ್ಲೇ ಉಂಟು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಆಗ ಈ ಗಡಿಯೇ ಇರಲಿಲ್ಲ.

ಇನ್ನು ಬೇಸಿಗೆಗೆ ಬರೋಣ.

ನೀವು ಬೇಸಿಗೆ ಎಂದರೆ ಬೀಚು, ಬೇಕಲ ಕೋಟೆ ಎಂದು ಯೋಚಿಸಿರಬಹುದು. ಬೇಕಲಕ್ಕೆ ಹೋಗಿ, ಚಂದ ಉಂಟು, ಕೆಳದಿಯ ಅರಸರು ಕಟ್ಟಿಸಿದ ಕೋಟೆ. ಆದರೆ ನಮಗೆ ಬೇಸಿಗೆ ಎಂದರೆ ರಾತ್ರಿ. ಹಗಲು ಮೈಯೆಲ್ಲ ಬೆವರು, ಅಂಗಿ ಬೆನ್ನಿಗೆ ಅಂಟಿರುತ್ತದೆ. ಕಡಲ ಬದಿಯ ಕೆಲವು ಬಾವಿಗಳಲ್ಲಿ ಮೇ ತಿಂಗಳಿಗೆ ನೀರು ಸವುಳಾಗುತ್ತದೆ. ಒಳನಾಡಿನ ಗುಡ್ಡದವರಿಗೆ ಸುರಂಗ ಉಂಟು. ಮುರಕಲ್ಲು ಎಂಬ ಕೆಂಪುಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಬಗ್ಗಿಕೊಂಡು ಹೋಗುವಷ್ಟು ದಾರಿ ಮಾಡಿ, ಒಳಗಿನ ಒರತೆಯನ್ನು ಹೊರಗೆ ಹರಿಸುತ್ತಾರೆ. ಬಾಯಾರು, ಎಣ್ಮಕಜೆ ಕಡೆ ಹೋದರೆ ಒಮ್ಮೆ ಒಳಗೆ ಕೈ ಚಾಚಿ ನೋಡಿ, ಏಪ್ರಿಲ್‌ನಲ್ಲೂ ಗೋಡೆ ತಣ್ಣಗಿರುತ್ತದೆ.

ಬೆಳಿಗ್ಗೆ ಒಂದು ಕಡೆ ಮಾತ್ರ ತಪ್ಪದೆ ಹೋಗಿ. ಕೋಯಿಪ್ಪಾಡಿ ಕಡಪ್ಪುರಕ್ಕೆ, ಅಂದರೆ ಕಡಲ ದಡಕ್ಕೆ, ಬೆಳಕು ಹರಿಯುವ ಹೊತ್ತಿಗೆ. ದೋಣಿ ದಡಕ್ಕೆ ಬಂದ ಕೂಡಲೇ ಏಲಂ ಶುರುವಾಗುತ್ತದೆ. ಮೀನನ್ನು ಮರಳಿನ ಮೇಲೆ ರಾಶಿ ಹಾಕಿ, ಸುತ್ತ ಜನ ನಿಂತು, ಒಬ್ಬರು ರೇಟು ಕೂಗುತ್ತಾ ಹೋಗುತ್ತಾರೆ. ಅಲ್ಲಿ ಬರೀ ಕಿವಿ ಕೊಟ್ಟು ನಿಲ್ಲಿ. ಮುನ್ನೂರು ಎಂದಾಗ ಅದು ಕನ್ನಡವಾ ಮಲಯಾಳವಾ ಎಂದು ಗೊತ್ತಾಗುವುದಿಲ್ಲ, ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಐನೂರಕ್ಕೆ ಬರುವಾಗ ಒಬ್ಬರ ಬಾಯಲ್ಲಿ ಅಞ್ಞೂರು ಆಗುತ್ತದೆ. ಒಂದೇ ಮೀನು ತುಳುವಿನಲ್ಲಿ ಬಂಗುಡೆ, ಮಲಯಾಳದಲ್ಲಿ ಅಯಿಲ, ಕೊಂಕಣಿಯಲ್ಲಿ ಬಾಂಗ್ಡೊ. ತುಳುವಿನ ಬೂತಾಯಿಯೂ ಮಲಯಾಳದ ಮತ್ತಿಯೂ ಒಂದೇ ಮೀನು. ಮೀನು ಮಾರುವ ಅಕ್ಕಂದಿರಿಗೆ ಯಾವ ಮನೆಯ ಗೇಟಿನಲ್ಲಿ ಯಾವ ಹೆಸರು ಹೇಳಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನೆಗೆ ಬರುತ್ತಿದ್ದವರು ಬುಟ್ಟಿ ಇಳಿಸುವ ಮೊದಲೇ "ಅಕ್ಕಾ, ಮೀನ್ ಬೋಡಾ" ಎಂದು ತುಳುವಿನಲ್ಲಿ ಕೇಳುತ್ತಿದ್ದರು. ಪಕ್ಕದ ಮನೆಗೆ ಹೋಗಿ ಮಲಯಾಳದಲ್ಲಿ ಚೌಕಾಸಿ ಮಾಡುತ್ತಿದ್ದರು. ಈಗ ಹೆಚ್ಚಿನವರು ಸ್ಕೂಟರಿನಲ್ಲಿ ಬರುತ್ತಾರೆ, ಹಾರ್ನಿಗೆ ಭಾಷೆ ಬೇಡ ನೋಡಿ.

ಎರಡು ಹೆಜ್ಜೆ ಮುಂದೆ ಹೋದರೆ ಟಾರ್ಪಾಲು ಹಾಸಿ ಮೀನು ಒಣಗಿಸಿದ್ದು ಕಾಣುತ್ತದೆ. ಬೂತಾಯಿ ಇಡಿಯಾಗಿ, ಬಂಗುಡೆ ಹೊಟ್ಟೆ ಸೀಳಿ ಉಪ್ಪು ತುಂಬಿ. ಕಾಗೆ ಬಾರದ ಹಾಗೆ ಮೇಲಿಂದ ಹಳೆ ಬಲೆ. ಮೂಗು ಮುಚ್ಚಿಕೊಳ್ಳಬೇಡಿ, ಅದು ಅವರಿಗೆ ಬೇಸರ ತರುತ್ತದೆ. ಮಳೆಗಾಲದಲ್ಲಿ ಕಡಲು ಬಾಗಿಲು ಹಾಕಿದ ಮೇಲೆ ಊಟಕ್ಕೆ ಇದೇ ಆಧಾರ. ಈ ಎರಡು ತಿಂಗಳು ಇಡೀ ಊರು ಮಳೆಗಾಲಕ್ಕೆ ಹೊಂದಿಸುತ್ತಾ ಇರುತ್ತದೆ. ಮೀನು ತಿನ್ನದ ಮನೆಯಲ್ಲಿ ಹಲಸಿನ ಹಪ್ಪಳ, ಮಾವಿನ ರಸ ಒಣಗಿಸಿದ ಮಾಂಬಳ, ಉಪ್ಪಿಗೆ ಹಾಕಿದ ಹಲಸಿನ ಸೊಳೆ. ತಿನ್ನುವ ಮನೆಯಲ್ಲಿ ಅದೆಲ್ಲದರ ಜೊತೆಗೆ ಒಣಮೀನು. ನನ್ನ ಅಮ್ಮ ಮೇ ತಿಂಗಳಿಡೀ ಆಕಾಶ ನೋಡಿಕೊಂಡೇ ಇರುತ್ತಾರೆ. ಒಂದು ಮೋಡ ಕಂಡರೆ ಸಾಕು, ಅಂಗಳದ ಚಾಪೆ ಎಲ್ಲ ಒಳಗೆ.

ಈಗ ರಾತ್ರಿಯ ವಿಷಯ.

ಕುಂಬಳೆ ಪಾರ್ತಿಸುಬ್ಬನ ಊರು. ತೆಂಕುತಿಟ್ಟು, ಅಂದರೆ ತೆಂಕಣ ಶೈಲಿಯ ಯಕ್ಷಗಾನದ ಪಿತಾಮಹ ಎಂದು ನಾವು ಕರೆಯುವುದು ಅವನನ್ನೇ. ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಎದುರು ನಿಂತರೆ ನನಗೆ ಪ್ರತಿ ಸಲವೂ ಅವನ ನೆನಪಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಕುಂಬಳೆ ಸುಂದರ ರಾಯರು, ಇವರ ಅರ್ಥ, ಅಂದರೆ ಪಾತ್ರದ ಮಾತು, ಕೇಳುತ್ತಾ ಬೆಳೆದವರು ನಮ್ಮಲ್ಲಿ ಪ್ರತಿ ಮನೆಯಲ್ಲೂ ಇದ್ದಾರೆ. ಶಾಲೆಗೆ ಹೋಗದ ಅಜ್ಜಂದಿರಿಗೂ ರಾಮಾಯಣ ಮಹಾಭಾರತದ ಸೂಕ್ಷ್ಮ ಗೊತ್ತಿದ್ದರೆ ಅದಕ್ಕೆ ಕಾರಣ ಬಯಲಲ್ಲಿ ಆಡುವ ಯಕ್ಷಗಾನ, ನಮ್ಮ ಬಯಲಾಟ. ಕನ್ನಡ ಇಲ್ಲಿ ಹೇಗೆ ಉಳಿಯಿತು ಎಂದು ಕೇಳಿದ್ದಿರಲ್ವಾ, ಅರ್ಧ ಉತ್ತರ ಅಲ್ಲೇ ಉಂಟು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ರಂಗಸ್ಥಳದಲ್ಲಿ ಕನ್ನಡ. ಮಲಯಾಳದಲ್ಲೂ ಯಕ್ಷಗಾನ ಆಡಿದ್ದುಂಟು, ನೋಡಿದ್ದೇವೆ, ಸಂತೋಷವೇ.

ಆಟಕ್ಕೆ ಹೋದರೆ ಎದುರಿನ ಕುರ್ಚಿಯಲ್ಲಿ ಕೂರುವ ಮೊದಲು ಚೌಕಿಗೆ ಹೋಗಿ. ವೇಷ ಕಟ್ಟುವ ಜಾಗಕ್ಕೆ ಚೌಕಿ ಎನ್ನುತ್ತೇವೆ. ನನ್ನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ಅಜ್ಜ, ಆಗ ನನಗೆ ಎಂಟೋ ಒಂಬತ್ತೋ ವರ್ಷ. ಬಣ್ಣದ ವೇಷದವರೊಬ್ಬರು, ಅಂದರೆ ರಾಕ್ಷಸನ ಪಾತ್ರ ಮಾಡುವವರು, ಕಾಲು ಚಾಚಿ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಿಂದ ಮುಖಕ್ಕೆ ಇಡುತ್ತಿದ್ದರು. ಒಂದು ಸಾಲು ಮುಗಿಯುವುದು, ಅದು ಒಣಗುವುದು, ಅದರ ಮೇಲೆ ಇನ್ನೊಂದು ಸಾಲು. ಮಾತಿಲ್ಲ. ಮೂಗಿನ ಎರಡು ಬದಿಯಲ್ಲೂ ಮುಳ್ಳು ಎದ್ದ ಹಾಗೆ ಕಾಣಲು ಶುರುವಾಯಿತು. ನಾನು ಕೂತಲ್ಲೇ ನಿದ್ದೆ ಹೋದೆ. ಅಜ್ಜ ತಟ್ಟಿ ಎಬ್ಬಿಸಿದಾಗ ಅಲ್ಲಿ ಮನುಷ್ಯನೇ ಇರಲಿಲ್ಲ, ರಾಕ್ಷಸ ಕೂತಿದ್ದ. ಅವನು ನನ್ನ ಕಡೆ ತಿರುಗಿ, ಮೆಲ್ಲ, "ಚಾ ಕುಡಿದೆಯಾ ಮಗಾ?" ಎಂದು ಕೇಳಿದ. ಆ ಸ್ವರ ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು.

ಈಗ ಹೆಚ್ಚಿನ ಆಟ ಕಾಲಮಿತಿಯದ್ದು, ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಬೆಳಗಾಗುವವರೆಗೆ ಚೆಂಡೆ ಕೇಳುತ್ತಾ ಚರುಮುರಿ ತಿಂದವರಿಗೆ ಅದೊಂದು ಕೊರಗು. ಆದರೂ ಮಕ್ಕಳು ಬರುತ್ತಿದ್ದಾರೆ, ಅದು ನನಗೆ ದೊಡ್ಡದು. ರಜೆಯಲ್ಲಿ ಅಲ್ಲಲ್ಲಿ ನಾಟ್ಯ ಕಲಿಸುತ್ತಾರೆ, ಚೆಂಡೆ ಮದ್ದಳೆ ಕಲಿಸುತ್ತಾರೆ. ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ 1981ರಿಂದ ನಡೆಯುತ್ತಾ ಬಂದಿದೆ. ತೆಂಕುತಿಟ್ಟಿನ ವೇಷವನ್ನೇ ಹೊತ್ತ ಬೊಂಬೆಗಳು ದಾರದಲ್ಲಿ ಕುಣಿಯುತ್ತವೆ. ಎಲ್ಲಾದರೂ ಪ್ರದರ್ಶನ ಉಂಟೆಂದು ಗೊತ್ತಾದರೆ ಬಿಡಬೇಡಿ.

ಆಟ ಇಲ್ಲದ ರಾತ್ರಿ ದೈವಕ್ಕೆ ವೇಷ ಕಟ್ಟಿ ಕುಣಿಯುವ ಕೋಲ ಇರುತ್ತದೆ, ಕೋಲ ಇಲ್ಲದಿದ್ದರೆ ಹೊನಲು ಬೆಳಕಿನ ಕಬಡ್ಡಿ, ಇಲ್ಲವೇ ಫುಟ್‌ಬಾಲ್. ಚಂದ್ರಗಿರಿಯ ದಕ್ಷಿಣಕ್ಕೆ ಹೋದ ಹಾಗೆ ಕೋಲ ತೆಯ್ಯಂ ಆಗುತ್ತದೆ, ನಡುವಿನ ನಮ್ಮಲ್ಲಿ ಎರಡೂ ಉಂಟು. ಕಡಲಿನವರ ದೈವ ಬೊಬ್ಬರ್ಯ. ತುಳುವಿನ ಜನಪದ ಹಾಡು ಪಾಡ್ದನದಲ್ಲಿ ಅವನು ಬ್ಯಾರಿ, ಅಂದರೆ ಇಲ್ಲಿನ ಮುಸ್ಲಿಂ, ವ್ಯಾಪಾರಿಯ ಮಗ. ಮೀನು ಹಿಡಿಯುವ ಮೊಗವೀರರು ದೋಣಿ ಇಳಿಸುವ ಮೊದಲು ಅವನನ್ನು ನೆನೆಯುತ್ತಾರೆ. ನಮ್ಮ ಪಕ್ಕದ ಆರಿಕ್ಕಾಡಿಯಲ್ಲಿ ತೀಯ ಸಮುದಾಯದವರ ಸ್ಥಾನದಲ್ಲಿ ಆಲಿ ಭೂತವನ್ನು ಕಟ್ಟುತ್ತಾರೆ, ಅದೂ ಮುಸ್ಲಿಂ ಹೆಸರಿನ ದೈವವೇ. ಹರಕೆ ಹೇಳಿಕೊಳ್ಳಲು ಮುಸ್ಲಿಮರೂ ಬರುತ್ತಾರೆ.

ಮಂಜೇಶ್ವರದ ಹತ್ತಿರ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಮಾಡ, ಅಂದರೆ ಗುಡಿ, ಉಂಟು. ವಿಷು ಕಳೆದ ಮೇಲೆ ಒಂದು ಶುಕ್ರವಾರ, ಮೈಮೇಲೆ ದೈವ ಬರುವ ಪಾತ್ರಿಗಳು ಪರಿವಾರದ ಜೊತೆ ಅಲ್ಲಿನ ಆಯಿರ ಜಮಾಅತ್ ಮಸೀದಿಗೆ ನಡೆದುಕೊಂಡು ಹೋಗಿ, ಜಾತ್ರೆಗೆ ಬರಬೇಕೆಂದು ಆಮಂತ್ರಣ ಕೊಡುತ್ತಾರೆ. ಮಸೀದಿಯವರು ನಿಂತು ಬರಮಾಡಿಕೊಳ್ಳುತ್ತಾರೆ. ಯಾರೂ ಇದನ್ನು ಸೌಹಾರ್ದ ಕಾರ್ಯಕ್ರಮ ಎಂದು ಬ್ಯಾನರ್ ಕಟ್ಟಿ ಶುರು ಮಾಡಿದ್ದಲ್ಲ. ಹಿರಿಯರ ಕಾಲದಿಂದ ನಡೆದು ಬಂದದ್ದು. ಗಡಿನಾಡು ಎಂದರೆ ಬರೀ ಜಗಳ ಎಂದುಕೊಂಡವರು ಆ ಶುಕ್ರವಾರ ಒಮ್ಮೆ ಬಂದು ನೋಡಬೇಕು ಎಂದು ನನಗೆ ಆಸೆ.

ಎಲ್ಲ ಚಂದವೇ ಎಂದು ಹೇಳಿ ನಿಮ್ಮನ್ನು ಕಳಿಸಿದರೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತದೆ. ಜನರ ನಡುವೆ ಭಾಷೆ ಅಡ್ಡ ಬರುವುದಿಲ್ಲ, ಕಾಗದದಲ್ಲಿ ಬರುತ್ತದೆ. ನನ್ನ ಅಮ್ಮ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು. ದಿನಾ ಕನ್ನಡ ಪೇಪರ್ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಒಮ್ಮೆ ಪೆನ್ಶನ್ ವಿಷಯದಲ್ಲಿ ಒಂದು ಕಚೇರಿಯಿಂದ ಕಾಗದ ಬಂತು, ಪೂರಾ ಮಲಯಾಳದಲ್ಲಿ. ಅಮ್ಮ ಅದನ್ನು ದೇವರ ಫೋಟೋದ ಹಿಂದೆ ಜೋಪಾನವಾಗಿ ಇಟ್ಟರು, ನಾನು ಊರಿಗೆ ಬಂದಾಗ ಕೇಳೋಣ ಎಂದು. ಪಕ್ಕದ ಮನೆಯ ಬ್ಯಾರಿ ಹುಡುಗ ಒಂದು ದಿನ ಸುಮ್ನೆ ತೆಗೆದು ಓದಿ, "ಅಕ್ಕಾ, ಇದರ ತಾರೀಕು ಹೋಗಿ ನಾಲ್ಕು ದಿನ ಆಯಿತಲ್ಲ" ಎಂದು ತುಳುವಿನಲ್ಲಿ ಹೇಳಿದ. ಎರಡು ತಿಂಗಳು ದುಡ್ಡು ನಿಂತಿತು. ಅದನ್ನು ಸರಿ ಮಾಡಲು ಅವನೇ ತನ್ನ ಬೈಕಿನಲ್ಲಿ ಅಮ್ಮನನ್ನು ಮೂರು ಸಲ ಕರೆದುಕೊಂಡು ಹೋದ. ಅಮ್ಮ ಇವತ್ತಿಗೂ ಹೇಳುವುದು ಒಂದೇ ಮಾತು: "ನನಗೆ ಓದಲಿಕ್ಕೆ ಬರುತ್ತದೆ, ಆದರೂ ಓದು ಬಾರದವಳ ಹಾಗೆ ಮಾಡಿದರು." ನನಗೂ ಅದೇ ಹೊಟ್ಟೆಯಲ್ಲಿ ಸಂಕಟ.

ಶಾಲೆಯದ್ದೂ ಹಾಗೆಯೇ. ಕೇರಳದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇವೆ, ಕನ್ನಡದಲ್ಲೇ ಪಠ್ಯಪುಸ್ತಕ ಉಂಟು. ಆದರೆ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ನೇಮಕ ಮಾಡಿದ್ದಕ್ಕೆ ಹೆತ್ತವರು ಶಾಲೆಯ ಗೇಟಿನಲ್ಲಿ ಕೂತ ದಿನಗಳೂ ಇವೆ. ಮಲಯಾಳ ನಮಗೆ ಬೇಡವಾದ ಭಾಷೆ ಅಲ್ಲ. ನಾನು ಅದನ್ನು ಓದುತ್ತೇನೆ, ಬರೆಯುತ್ತೇನೆ, ಅದರಲ್ಲೇ ಎಷ್ಟೋ ಸ್ನೇಹಿತರು. ಲೆಕ್ಕವನ್ನೋ ವಿಜ್ಞಾನವನ್ನೋ ಗೊತ್ತಿಲ್ಲದ ಭಾಷೆಯಲ್ಲಿ ಕೇಳಿ ಮಗು ಪಿಳಿಪಿಳಿ ನೋಡುವುದು ಬೇಡ, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ನೀವು ಬರಬೇಕಾದ ದಿನ ಹೇಳದಿದ್ದರೆ ಆಗುತ್ತದಾ? ಪತ್ತನಾಜೆಗೆ ಮೊದಲು ಬನ್ನಿ. ತುಳುವಿನ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಹೆಚ್ಚಾಗಿ ಮೇ 24ರ ಆಸುಪಾಸಿಗೆ ಬರುತ್ತದೆ. ಆ ದಿನ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ, ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಕೋಲ, ನೇಮ, ಜಾತ್ರೆ ಎಲ್ಲ ಅಲ್ಲಿಗೆ ಮುಗಿಯಿತು. ಮರುದಿನದಿಂದ ಊರಿನ ಕಿವಿ ಖಾಲಿ. ಆರು ತಿಂಗಳು ರಾತ್ರಿ ಹೊತ್ತು ದೂರದಿಂದ ಕೇಳುತ್ತಿದ್ದ ಚೆಂಡೆ ಒಂದೇ ಸಲ ನಿಂತರೆ ಹೇಗಾಗುತ್ತದೆ ಎಂದು ಹೇಳಿ ತಿಳಿಸಲು ನನಗೆ ಬರುವುದಿಲ್ಲ.

ಆಮೇಲೆ ಒಂದರ ಹಿಂದೆ ಒಂದು. ಜೂನ್ ಮೊದಲಿಗೆ ಶಾಲೆ ತೆರೆಯುತ್ತದೆ, ಮಳೆಯೂ ಅದೇ ಹೊತ್ತಿಗೆ. ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ತಡೆ. ಕರ್ನಾಟಕದಲ್ಲಿ ಜೂನ್ 1ರಿಂದಲೇ. ನಡುವಿನ ಎಂಟೊಂಬತ್ತು ದಿನ ಗಡಿಯ ತಲಪಾಡಿಯಿಂದ ಆಚೆ ಬೋಟು ದಕ್ಕೆಯಲ್ಲಿ, ಈಚೆ ಕಡಲಲ್ಲಿ. ಸಣ್ಣ ನಾಡದೋಣಿಗಳಿಗೆ ತಡೆ ಇಲ್ಲ, ಆದರೆ ಕಡಲು ಬಿಡಬೇಕಲ್ಲ. ಕಡಲ ಬದಿಯ ಮುಸೋಡಿ ಕಡೆಯವರಿಗೆ ಆಗ ಮೀನಿಗಿಂತ ಮನೆಯ ಚಿಂತೆ ಜಾಸ್ತಿ. ತೆಂಗಿನ ಮರ ಬುಡ ಸಮೇತ ಅಲೆಗೆ ಹೋಗುತ್ತದೆ, ಕಲ್ಲು ಹಾಕಿದರೂ ಕಡಲು ಮುಂದೆ ಬರುತ್ತದೆ.

ಹಾಗಾಗಿ ಮೇ ಹತ್ತರ ಹೊತ್ತಿಗೆ ಹೊರಡಿ. ಮಂಗಳೂರಿನಿಂದ ಲೋಕಲ್ ರೈಲು ಹಿಡಿದು ಕುಂಬಳೆಯಲ್ಲಿ ಇಳಿಯಿರಿ. ಹಗಲು ಮನೆಯಲ್ಲಿ ಮಲಗಿ, ಅಮ್ಮ ಪುನರ್ಪುಳಿ ಶರಬತ್ತು ಕೊಡುತ್ತಾರೆ. ಆಟ ಎಲ್ಲಿ ಉಂಟೆಂದು ಯಾರನ್ನು ಕೇಳಿದರೂ ಹೇಳುತ್ತಾರೆ, ಕನ್ನಡದಲ್ಲೇ ಕೇಳಿ. ಕುರ್ಚಿ ಸಿಗದಿದ್ದರೆ ಚಿಂತೆ ಬೇಡ, ಚಾಪೆ ನಾನು ತರುತ್ತೇನೆ.