ವೆಂಟಿಲೇಟರ್ ಬೇಡ ಅಂತಾರೆ ಅಪ್ಪ

ಪ್ರಶ್ನೆ: ಅಪ್ಪನಿಗೆ 74 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹರಡಿದೆ. ‘ನನ್ನನ್ನು ವೆಂಟಿಲೇಟರ್‌ಗೆ ಹಾಕಬೇಡಿ, ಮನೇಲೇ ಇರ್ತೀನಿ’ ಅಂತಾರೆ. ಅಣ್ಣ ಒಪ್ಪುತ್ತಿಲ್ಲ. ಏನು ಮಾಡಲಿ ಡಾಕ್ಟ್ರೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅಪ್ಪ ಬಾಯಿಬಿಟ್ಟು ಹೇಳಿದ್ದಾರಲ್ಲಮ್ಮ, ಅದೇ ದೊಡ್ಡದು. ನನ್ನ ತಂದೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೊನೆಯ ಒಂಬತ್ತು ದಿನ ಐಸಿಯುನಲ್ಲಿದ್ದರು. ಟ್ಯೂಬ್ ಕೀಳದಿರಲಿ ಅಂತ ಕೈ ಕಟ್ಟಿದ್ದರು. ಡಾಕ್ಟರಾಗಿಯೂ ನಾನು ಗಾಜಿನಾಚೆ ಸುಮ್ನೆ ನಿಂತಿದ್ದೆ.

ಅಪ್ಪನ ಮಾತನ್ನು ಈಗಲೇ ಬರೆಸಿಡಿ. ಇಂಥ ‘ಲಿವಿಂಗ್ ವಿಲ್’ಗೆ ಸುಪ್ರೀಂ ಕೋರ್ಟ್ 2018ರಲ್ಲೇ ಮಾನ್ಯತೆ ಕೊಟ್ಟಿದೆ. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಅವರಿಗೆ ಪ್ರಜ್ಞೆ ತಪ್ಪಿದರೆ ಯಾರು ನಿರ್ಧರಿಸಬೇಕು ಅನ್ನುವುದನ್ನೂ ಬರೆಸಿ. ಅಪ್ಪ ಒಪ್ಪಿದರೆ ಅಲ್ಲಿ ಅಣ್ಣನ ಹೆಸರೂ ಇರಲಿ. ಹೊರಗಿಟ್ಟರೆ ಜಗಳ ಜಾಸ್ತಿಯಾಗುತ್ತೆ.

ವೆಂಟಿಲೇಟರ್ ಬೇಡ ಅಂದರೆ ಅಪ್ಪನನ್ನು ಕೈಬಿಟ್ಟಂತಲ್ಲ ಅಂತ ಅಣ್ಣನಿಗೆ ಹೇಳಿ. ನೋವಿಗೆ ಮಾರ್ಫಿನ್ ಇದೆ. ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಏದುಸಿರಿಗೂ ಆರಾಮ ಸಿಗುತ್ತದೆ. ಅದರಿಂದ ಮಲ ಕಟ್ಟುತ್ತದೆ, ಅದಕ್ಕೂ ಔಷಧಿ ಕೇಳಿ ಪಡೆಯಿರಿ. (ಎಷ್ಟೋ ಸಲ ಇದನ್ನು ಹೇಳುವುದನ್ನೇ ಮರೆಯುತ್ತಾರೆ.) ಮನೆಯಲ್ಲಿ ನೋಡಿಕೊಳ್ಳಲು ಆಗದೇ ಹೋದರೆ ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ.

ಈ ಭಾನುವಾರ ಅಣ್ಣನನ್ನು ಊಟಕ್ಕೆ ಕರೆಯಿರಿ. ನೀವು ಮಾತಾಡಬೇಡಿ, ಅಪ್ಪನೇ ಹೇಳಲಿ.